ಹನ್ನೊಂದು ಚಳಿಗಾಲ

ಕೆರೆಯ ತಳದ ಕೆಸರೇ ನಮಗೆ ಪಂಚಾಂಗ.
ಹಿಮ ಕರಗಿ ಹೊಳೆ ನುಗ್ಗಿದಾಗ ಒಂದು ಬಿಳಿ ಗೆರೆ,
ಮಂಜುಗಡ್ಡೆ ಮುಚ್ಚಿ ಎಲ್ಲ ಸುಮ್ಮನಾದಾಗ ಒಂದು ಕಪ್ಪು.
ಎರಡು ಸೇರಿದರೆ ವರ್ಷ.
ನಾನು ಅದನ್ನು ಕೊಯ್ಯುವವನು, ಎಣಿಸುವವನಲ್ಲ.
ಯೊಯೆನ್ಸು ಊರಿನ ವಿಶ್ವವಿದ್ಯಾಲಯ, ನೆಲಮಾಳಿಗೆ, ಮೂರನೆಯ ಬಾಗಿಲು,
ಒಂದು ಶೀತಲ ಕೋಣೆ, ಒಂದು ಗರಗಸ,
ರೈನೊ ಎಂದು ಕೂಗಿದರೆ ನಾನು.
ಪ್ರಬಂಧಗಳ ಕೊನೆಯ ಪುಟದಲ್ಲಿ
'ಪ್ರಯೋಗಾಲಯದ ಸಿಬ್ಬಂದಿಗೆ ಕೃತಜ್ಞತೆ' ಅಂತಿರುತ್ತದಲ್ಲ,
ಆ ಸಿಬ್ಬಂದಿ ಮೂವತ್ತನಾಲ್ಕು ವರ್ಷದಿಂದ ನಾನೊಬ್ಬನೇ.

ಸೈಮಿ ಬಂದದ್ದು ಸೆಪ್ಟೆಂಬರಿನಲ್ಲಿ.
ಇನಾರಿ ಕಡೆಯ ಹುಡುಗಿ, ಜಾಸ್ತಿ ಮಾತಿಲ್ಲ.
ಹೀಸಿಲಂಪಿ ಕೆರೆಯ ಹೊಸ ಕೆಸರು ಅವಳ ಪಾಲಿಗೆ.
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಹತ್ತು ವರ್ಷಕ್ಕೊಂದು ಗುಂಡುಸೂಜಿ,
ನೂರಕ್ಕೊಂದು ಕೆಂಪು ತಲೆಯದು.
ರೈ ರೊಟ್ಟಿ ಕಚ್ಚುವಾಗಲೂ ತುಟಿ ಎಣಿಸುತ್ತಿತ್ತು.
ಕ್ರಿಸ್‌ಮಸ್ಸಿಗೆ ಎಲ್ಲರೂ ಊರಿಗೆ ಹೋದ ಮೇಲೆ
ಮೆಟ್ಟಿಲಿಳಿದು ಬಂದಳು, ಕೈಯಲ್ಲಿ ಮಡಚಿದ ಹಾಳೆ.

"ಓರ್ವೊಕ್ಕಿ ಎಣಿಸಿದ್ದು ಎರಡು ಸಾವಿರದ ಮುನ್ನೂರ ಹದಿನೆಂಟು.
ಆಮೇಲಿನ ಮೂವತ್ತನಾಲ್ಕು ಕಳೆದರೂ
ನನಗೆ ಹನ್ನೊಂದು ಹೆಚ್ಚು ಬರುತ್ತಿದೆ, ರೈನೊ.
ನಾಲ್ಕು ಸಲ ಎಣಿಸಿದೆ. ನನ್ನ ಕಣ್ಣೇ ಸರಿಯಿಲ್ಲವೇನೋ."

ಪ್ರೊಫೆಸರನ್ನೂ ನಾವು ಹೆಸರು ಹಿಡಿದೇ ಕರೆಯುತ್ತೇವೆ.
ಹಾಗಂತ ಹೆದರಿಕೆ ಕಡಿಮೆಯಾಗುವುದಿಲ್ಲ.
ಆ ಸಂಖ್ಯೆಯ ಮೇಲೆ ಓರ್ವೊಕ್ಕಿಯ ಡಾಕ್ಟರೇಟು,
ಡಾಕ್ಟರೇಟಿನ ಮೇಲೆ ಕುರ್ಚಿ,
ಕುರ್ಚಿಯ ಮೇಲೆ ಸೈಮಿಯ ಸಂಬಳ.

ಎಷ್ಟನೆಯ ಸೂಜಿಯ ಹತ್ತಿರ, ಕೇಳಿದೆ, ಗರಗಸ ಒರೆಸುತ್ತಲೇ.
ಒಂಬೈನೂರ ನಲವತ್ತು ದಾಟಿದ ಮೇಲೆ, ಅಂದಳು.

ನನಗೆ ಗೊತ್ತಿತ್ತು.
ಕೆಲಸಕ್ಕೆ ಸೇರಿ ಎರಡನೆಯ ತಿಂಗಳು. ಹೆಪ್ಪುಗಟ್ಟಿದ ಕೆಸರಿನ ಹಲಗೆ
ಗರಗಸದ ಕೆಳಗೆ ಪಟ್ಟೆಂದು ಎರಡಾಯಿತು.
ನಡುವೆ ಉದುರಿದ ಪುಡಿ ಕಿರುಬೆರಳ ಉಗುರಿನಷ್ಟು.
ಮಹಡಿಯಲ್ಲಿ ಓರ್ವೊಕ್ಕಿ ಕಾಯುತ್ತಿದ್ದಳು,
ಇಪ್ಪತ್ತೇಳರ ಹುಡುಗಿ, ಎರಡು ರಾತ್ರಿ ನಿದ್ದೆಗೆಟ್ಟ ಕಣ್ಣು.
ತುಂಡಿಗೆ ತುಂಡು ಒತ್ತಿ, ನೀರು ಚಿಮುಕಿಸಿ,
ಮತ್ತೆ ಹೆಪ್ಪುಗಟ್ಟಿಸಿ ಕೊಟ್ಟೆ.
ಬಿದ್ದದ್ದನ್ನು ಗುಡಿಸಿದೆ.
ಹನ್ನೊಂದು ಚಳಿಗಾಲ, ಹನ್ನೊಂದು ಸಲ ತುಂಬಿದ ಹೊಳೆ,
ಯಾರ್ಯಾರದೋ ಬಿತ್ತನೆ, ಯಾರ್ಯಾರದೋ ಹೆರಿಗೆ,
ಅರ್ಧ ಮೊರ ಕಸ.

ಜನವರಿಯಲ್ಲಿ ಇಬ್ಬರೂ ಮಹಡಿ ಹತ್ತಿದೆವು.
ಸೈಮಿ ಹಾಳೆ ಬಿಡಿಸಿಟ್ಟಳು. ನಾನು ಗುಡಿಸಿದ್ದನ್ನು ಹೇಳಿದೆ.
ಓರ್ವೊಕ್ಕಿ ಕಪಾಟಿನಿಂದ ನೀಲಿ ರಟ್ಟಿನ ಪುಸ್ತಕ ಇಳಿಸಿ
ಪುಟ ತಿರುವುತ್ತಾ ತಿರುವುತ್ತಾ
ಏನು ಹುಡುಕುತ್ತಿದ್ದೆನೆಂದೇ ಮರೆತವಳಂತೆ ಕೂತಳು.

"ಅದಕ್ಕೇ ಆ ಬೂದಿ ಹೊಂದಿರಲಿಲ್ಲ," ಅಂದಳು ಕೊನೆಗೆ.
"ಐಸ್‌ಲ್ಯಾಂಡಿನ ಬೆಂಕಿಬೆಟ್ಟದ ಬೂದಿ, ಕೆಳಗಿನ ಪದರದ್ದು.
ಎಲ್ಲರ ಕೆರೆಯಲ್ಲೂ ಒಂದೇ ವರ್ಷ ಬಿದ್ದಿದೆ,
ನನ್ನದರಲ್ಲಿ ಮಾತ್ರ ಹನ್ನೊಂದು ವರ್ಷ ತಡವಾಗಿ.
ಇಷ್ಟು ಕಾಲ ಆ ಬೂದಿಯನ್ನೇ ಬೈದೆನಲ್ಲ!"
ಅದು ನಗುವೋ ಬೇರೇನೋ, ನನಗೆ ತಿಳಿಯಲಿಲ್ಲ.
ಆಮೇಲೆ ಸೈಮಿಗೆ: "ಬರಿ. ಮೊದಲು ನಿನ್ನ ಹೆಸರು.
ತಪ್ಪಿದ್ದು ಯಾರು ಅಂತ ಸ್ಪಷ್ಟವಾಗಿ ಬರಿ, ಎಣಿಸಿದವಳು ನಾನು.
ಕೊಯ್ದವನ ಹೆಸರೂ ಇರಲಿ. ಸಿಬ್ಬಂದಿ ಅನ್ನಬೇಡ."

ಹೀಗೆ ನನ್ನ ಹೆಸರು ಅಚ್ಚಾಯಿತು,
ಒಂದೂವರೆ ಪುಟದ ತಿದ್ದುಪಡಿಯಲ್ಲಿ, ನಿವೃತ್ತಿಗೆ ಏಳು ತಿಂಗಳಿರುವಾಗ.
ಹೆಂಡತಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದ್ದಾಳೆ.
ಹಲಗೆ ಮುರಿದ ಸಾಲಿನ ಮೇಲೆ, ಬೇಕೆಂದೇ, ಆಯಸ್ಕಾಂತ.

ಮಾರ್ಚ್‌ನಲ್ಲಿ ಮತ್ತೆ ಕೆರೆಗೆ ಹೋದೆವು.
ಮಂಜುಗಡ್ಡೆಯ ತೂತಿನ ಸುತ್ತ ಮೂವರೂ ಮಂಡಿಯೂರಿ,
ಸೈಮಿ ಹಗ್ಗ ಬಿಡುತ್ತಿದ್ದಳು,
ಓರ್ವೊಕ್ಕಿ ಮೀಟರು ಎಣಿಸುತ್ತಿದ್ದಳು,
ಗಟ್ಟಿಯಾಗಿ, ಮಗ್ಗಿ ಒಪ್ಪಿಸುವ ಮಗುವಿನ ಹಾಗೆ.
ಹದಿನೇಳರ ಹತ್ತಿರ ನಿಂತಳು.
"ಹದಿನಾರೋ?"
ಯಾರೂ ಉತ್ತರಿಸಲಿಲ್ಲ.
ಹಗ್ಗವನ್ನು ಮೇಲಕ್ಕೆಳೆದೆವು, ಒದ್ದೆ, ಭಾರ,
ಮತ್ತೆ ಒಂದರಿಂದ.